ಸ್ಕ್ಯಾನ್ ಸರಿಯಿದ್ದರೂ ಉಸಿರಿನ ಮೇಲೆ ಕಣ್ಣಿರಲಿ



ಥಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬಯಿಯಿಂದ ಬರುವ ನೆರವಿನ ಅರ್ಜಿಗಳ ಜೊತೆ ಈಗ ಸಿಟಿ ಸ್ಕ್ಯಾನ್ ವರದಿಯೂ ಇರುತ್ತದೆ. ಡೊಂಬಿವಲಿಯ ಹೋಟೆಲ್ ಕಾರ್ಮಿಕರೊಬ್ಬರು ಜ್ವರ ಬಂದ ಎರಡನೇ ದಿನವೇ ಸಾಲ ಮಾಡಿ ಸ್ಕ್ಯಾನ್ ಮಾಡಿಸಿದರು. ಏನೂ ಕಾಣಲಿಲ್ಲವೆಂದು ನಿಶ್ಚಿಂತರಾದರು. ಏಳನೇ ದಿನ ನಾನು ನೋಡಿದಾಗ ಅವರ ಆಮ್ಲಜನಕ 88.

ಕೊರೊನಾ ತಗಲಿದ ಶ್ವಾಸಕೋಶದ ಭಾಗ ಸ್ಕ್ಯಾನಿನಲ್ಲಿ ಉಜ್ಜಿದ ಗಾಜಿನಂತೆ ಮಸುಕಾಗಿ ಕಾಣುತ್ತದೆ. ಐದು ಹಾಲೆಗಳಿಗೆ ತಲಾ 5ರಂತೆ ಒಟ್ಟು 25 ಅಂಕ. ಮೊದಲ ದಿನಗಳಲ್ಲಿ ಮಸುಕು ಕಾಣದೆಯೂ ಇರಬಹುದು. ಸೋಂಕನ್ನು ಖಚಿತಪಡಿಸುವುದು ಆರ್‌ಟಿ-ಪಿಸಿಆರ್.

ಇದಕ್ಕೆ ವಿರುದ್ಧವಾದುದೂ ಉಂಟು. ಚೀನಾದ ಶೆನ್‌ಜೆನ್‌ನ ಒಂದು ಕುಟುಂಬದ ವಿವರ 2020ರ ಜನವರಿಯಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯಲ್ಲಿ ಬಂದಿತ್ತು. ವುಹಾನ್‌ಗೆ ಹೋಗಿ ಬಂದವರಿಂದ, ಹೋಗದೆ ಮನೆಯಲ್ಲಿದ್ದವರಿಗೂ ಸೋಂಕು ಅಂಟಿತ್ತು. 10 ವರ್ಷದ ಹುಡುಗನಿಗೆ ಜ್ವರ, ಕೆಮ್ಮು ಏನೂ ಇರಲಿಲ್ಲ. ಆದರೂ ಸ್ಕ್ಯಾನಿನಲ್ಲಿ ಮಸುಕು ಇತ್ತು. ಆದ್ದರಿಂದ ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರೂ ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ. ಒಂದೇ ಕೋಣೆಯ ಚಾಳಿನಲ್ಲಿ ಇದು ಇನ್ನೂ ಮುಖ್ಯ.

ಲಕ್ಷಣ ಸೌಮ್ಯವಾಗಿದ್ದರೆ ವೈದ್ಯರು ಹೇಳದೆ ಸ್ಕ್ಯಾನ್ ಬೇಡ. ಆಕ್ಸಿಮೀಟರಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ ನೋಡಿ. ಆರು ನಿಮಿಷ ನಡೆದ ಮೇಲೂ ಒಮ್ಮೆ ನೋಡಿ. 94ಕ್ಕಿಂತ ಕೆಳಗಿಳಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಕೆಲವರಿಗೆ ಉಬ್ಬಸ ಬರುವ ಮೊದಲೇ ಆಮ್ಲಜನಕ ಇಳಿದಿರುತ್ತದೆ.

ಆ ಕಾರ್ಮಿಕರು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ, ಸಾಲ ಉಳಿದಿದೆ. ನಿಮ್ಮ ದೇಣಿಗೆಯಿಂದ ಆಕ್ಸಿಮೀಟರ್ ಕೊಂಡು, ಅಗತ್ಯವಿರುವ ಮನೆಗಳಿಗೆ ಸರದಿಯಂತೆ ಕೊಡಬೇಕೆಂದಿದ್ದೇವೆ. ಕೈಲಾದಷ್ಟು ನೆರವಾಗಿ.