ಕೆನ್ನೆಯ ಹುಣ್ಣು ಕತ್ತಿಗೆ ಇಳಿಯುವುದು ಹೇಗೆ?

ಪ್ರಶ್ನೆ: ಎಲೆಅಡಿಕೆ, ಹೊಗೆಸೊಪ್ಪು ಹಾಕುವವರಿಗೆ ಕೆನ್ನೆಯೊಳಗೆ ಬರುವ ಕ್ಯಾನ್ಸರ್ ಕತ್ತಿನ ಗಂಟಿಗೂ ಹೋಗುತ್ತದಂತೆ. ಒಂದೆಡೆ ಇದ್ದ ಜೀವಕೋಶ ಓಡಾಡಲು ಕಲಿಯುವುದು ಹೇಗೆ?
– ಓದುಗರು, ಕುದೇರು

ಉತ್ತರ: ಬಹುಪಾಲು ನಮ್ಮ ರಕ್ಷಣೆಗೆಂದೇ ಇರುವ ಉರಿಯೂತದಿಂದ! ಕೆನ್ನೆಯ ಒಳಪದರದ ಕೋಶಗಳನ್ನು ಇ-ಕ್ಯಾಡ್‌ಹೆರಿನ್ ಎಂಬ ಪ್ರೊಟೀನು ಒಂದಕ್ಕೊಂದು ಅಂಟಿಸಿರುತ್ತದೆ. ಹುಣ್ಣಾದಾಗ ಬಿಳಿ ರಕ್ತಕಣಗಳು ಬಂದು ಟಿಎನ್‌ಎಫ್-ಆಲ್ಫಾ, ಐಎಲ್-6ರಂಥ ಸಂದೇಶಗಳನ್ನು ಸುರಿಸುತ್ತವೆ. ಅಂಚಿನ ಕೋಶಗಳು ಹಿಡಿತ ಸಡಿಲಿಸಿ, ಮುಂದೆ ಸರಿದು ಗಾಯ ಮುಚ್ಚುತ್ತವೆ. ಆಮೇಲೆ ಸಂದೇಶ ನಿಲ್ಲಬೇಕು. ದಿನವಿಡೀ ದವಡೆಯಲ್ಲಿ ಹೊಗೆಸೊಪ್ಪು, ಸುಣ್ಣ ಕೂತಿದ್ದರೆ ಎಲ್ಲಿ ನಿಂತೀತು? ಜೀನ್ ಕೆಟ್ಟ ಕೋಶಗಳಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಸ್ವಿಚ್ಚು ಆರುವುದೇ ಇಲ್ಲ. ಇ-ಕ್ಯಾಡ್‌ಹೆರಿನ್ ಇಳಿಯುತ್ತದೆ, ಎಂಎಂಪಿ ಕಿಣ್ವಗಳು ಅಡಿಪೊರೆಯನ್ನು ಕರಗಿಸುತ್ತವೆ, ಕೋಶ ನುಸುಳುತ್ತದೆ. ಅಲ್ಲಿಂದ ದುಗ್ಧನಾಳ, ಕತ್ತಿನ ಗಂಟು.

ಗೆಡ್ಡೆಯೊಳಗೆ ಬಿಳಿ ರಕ್ತಕಣಗಳನ್ನು ಕಂಡ ಜರ್ಮನಿಯ ರುಡಾಲ್ಫ್ ವಿರ್ಶೋ 1863ರಲ್ಲೇ ಉರಿಯೂತಕ್ಕೂ ಕ್ಯಾನ್ಸರ್‌ಗೂ ಇರುವ ನಂಟನ್ನು ಊಹಿಸಿದ್ದರು.

‘ಹೊಗೆಸೊಪ್ಪು ಬಿಟ್ಟಿದ್ದೀನಿ, ಬರೀ ಎಲೆಅಡಿಕೆ’ ಎನ್ನುವವರು ನಮ್ಮ ಕಡೆ ಬಹಳ. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಅಡಿಕೆ ಟಿಜಿಎಫ್-ಬೀಟಾ ಸಂದೇಶವನ್ನು ಹೆಚ್ಚಿಸುತ್ತದೆ. ಕೆನ್ನೆಯಲ್ಲಿ ನಾರು ಬೆಳೆದು, ಮುದ್ದೆ ತುತ್ತಿಗೂ ಬಾಯಿ ತೆರೆಯದಂತಾಗುತ್ತದೆ.

ಉರಿಯೂತದ ಮಾತ್ರೆ ನುಂಗಿದರೆ ಸಾಲದೇ? ಸಾಲದು. ಎರಡು–ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಮಚ್ಚೆ ಇದ್ದರೆ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿ. ಅನುಮಾನ ಬಂದರೆ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.