ಉಸಿರಿನ ತೂಬನ್ನು ಕಾಯುವ ಸ್ಪ್ರಿಂಗ್

ಒಂದು ಸ್ಕೂಬಾ ರೆಗ್ಯುಲೇಟರಿನ ಮೊದಲ ಹಂತದಿಂದ ಸ್ಪ್ರಿಂಗನ್ನು ಬಿಚ್ಚಿ ಇನ್ನೊಂದಕ್ಕೆ ಕೂರಿಸಬಹುದೇ ಎಂಬ ಪ್ರಶ್ನೆಯು ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಕಡಲಿಗಿಳಿಯುವವರ ಸಲಕರಣೆಗಳನ್ನು ರಿಪೇರಿ ಮಾಡುವವರಿಗೆ ಮಾತ್ರ ಸೇರಿದ್ದೆಂದು ತೋರಬಹುದಾದರೂ, ಅದರ ಒಳಗಿರುವ ತತ್ತ್ವವು ಕೆರೆ-ತೂಬುಗಳ ನಾಡಾದ ಚಿತ್ರದುರ್ಗದ ಸೀಮೆಗೆ ಹೊಸದಲ್ಲ.

ಮುಳುಗುಗಾರನ ಬೆನ್ನ ಮೇಲಿನ ಸಿಲಿಂಡರಿನಲ್ಲಿ ಗಾಳಿಯು ಸುಮಾರು 200 ಬಾರ್ ಒತ್ತಡದಲ್ಲಿ, ಎಂದರೆ ವಾತಾವರಣದ ಒತ್ತಡದ ಸುಮಾರು 200 ಪಟ್ಟು ಒತ್ತಡದಲ್ಲಿ, ತುಂಬಿರುತ್ತದೆ. ಸಿಲಿಂಡರಿನ ಬಾಯಿಗೆ ಕೂರುವ ಮೊದಲ ಹಂತವು ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ 9ರಿಂದ 10 ಬಾರ್ ಮಾತ್ರ ಹೆಚ್ಚಿರುವಂತೆ ಇಳಿಸಿ ಕೊಳವೆಗೆ ಬಿಡುತ್ತದೆ. ಇದಕ್ಕೆ ಮಧ್ಯಂತರ ಒತ್ತಡವೆಂದು ಹೆಸರು. ಬಾಯಲ್ಲಿ ಕಚ್ಚಿಕೊಂಡಿರುವ ಎರಡನೆಯ ಹಂತವು ಉಸಿರೆಳೆದಾಗಷ್ಟೇ ತೆರೆದುಕೊಂಡು ಬೇಕಾದಷ್ಟನ್ನು ಕೊಡುತ್ತದೆ.

ಭೀಮಸಮುದ್ರದ ಕೆರೆಯನ್ನೂ ಅದರ ಕೆಳಗಿನ ಅಡಿಕೆ ತೋಟಗಳನ್ನೂ ಕಣ್ಣ ಮುಂದೆ ತಂದುಕೊಂಡರೆ ಈ ಎರಡು ಹಂತಗಳು ಸುಲಭವಾಗಿ ಅರ್ಥವಾಗುತ್ತವೆ. ಕೆರೆ ತುಂಬಿದ್ದಾಗ ತೂಬಿನ ಮೇಲೆ ಬೀಳುವ ಭಾರವೇ ಬೇರೆ, ಬೇಸಿಗೆಯಲ್ಲಿ ನೀರು ತಳ ಕಂಡಾಗಿನ ಭಾರವೇ ಬೇರೆ. ಆದರೆ ಕಾಲುವೆಯಲ್ಲಿ ನೀರಿನ ಮಟ್ಟ ಎರಡೂ ಕಾಲಕ್ಕೆ ಒಂದೇ ಸಮನಾಗಿರಬೇಕಾದರೆ ನೀರುಗಂಟಿಯು ತೂಬಿನ ಬಳಿ ನಿಂತು, ಕಾಲುವೆ ಇಳಿದಂತೆ ತೆರೆಯುತ್ತ, ಏರಿದಂತೆ ಮುಚ್ಚುತ್ತ ಇರಬೇಕಾಗುತ್ತದೆ. ಸಿಲಿಂಡರು ಕೆರೆ, ಮೊದಲ ಹಂತವು ತೂಬು, ಎರಡನೆಯದು ತೋಟದ ಅಂಚಿನಲ್ಲಿ ಕಡಿದ ಬಾಯಿ. ನೀರುಗಂಟಿಯ ಜಾಗದಲ್ಲಿ ಒಂದು ಉಕ್ಕಿನ ಸುರುಳಿ ಕುಳಿತಿದೆ. ಪಿಸ್ಟನ್ ಮಾದರಿಯಲ್ಲಿ ಸ್ಪ್ರಿಂಗು ಗಾಳಿಯ ದಾರಿಯನ್ನು ತೆರೆದಿಡಲು ಒತ್ತುತ್ತಿದ್ದರೆ, ಪಿಸ್ಟನ್ನಿನ ಟೊಳ್ಳು ದಂಡದೊಳಗಿಂದ ಹಾದುಬಂದ ಗಾಳಿಯು ಅದರ ಅಗಲವಾದ ತಲೆಯನ್ನು ಎದುರು ದಿಕ್ಕಿನಿಂದ ಒತ್ತಿ ಆ ದಾರಿಯನ್ನು ಮುಚ್ಚುತ್ತದೆ. ಸ್ಪ್ರಿಂಗ್ ಇರುವ ಕೋಣೆಗೆ ಸುತ್ತಲಿನ ನೀರು ನುಗ್ಗಲು ರಂಧ್ರಗಳಿರುವುದರಿಂದ ಆಳದ ಒತ್ತಡವೂ ಸ್ಪ್ರಿಂಗಿನ ಕಡೆಗೇ ಸೇರಿಕೊಳ್ಳುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರದಂತೆ 130 ಅಡಿ ನೀರು ನಿಂತ ಕಡೆ ತಳದಲ್ಲಿ ಸುಮಾರು 4 ಬಾರ್ ಹೆಚ್ಚುವರಿ ಒತ್ತಡವಿದ್ದರೆ, ಕೊಳವೆಯ ಒತ್ತಡವೂ ತಾನಾಗಿಯೇ ಅಷ್ಟು ಏರುತ್ತದೆ. ಇಷ್ಟು ಸರಳವಾದ ಏರ್ಪಾಡು ಮನುಷ್ಯನ ಉಸಿರನ್ನು ಇಷ್ಟು ನಂಬಿಕೆಯಿಂದ ಹೊರುವುದು ನಿಜಕ್ಕೂ ಬೆರಗಿನ ಸಂಗತಿ.

ಈ ಸಲಕರಣೆಯ ಮೂಲವನ್ನು ಹುಡುಕಿದರೆ ಕಡಲಿಗಿಂತ ಮೊದಲು ಗಣಿ ಎದುರಾಗುತ್ತದೆ. ಫ್ರಾನ್ಸಿನ ಗಣಿ ಎಂಜಿನಿಯರ್ ಬೆನ್ವಾ ರೂಕೆರೋಲ್ 1860ರಲ್ಲಿ ಗಣಿಯ ವಿಷಗಾಳಿಯಲ್ಲಿ ಉಸಿರಾಡಲು ಇಂಥದೊಂದು ಕವಾಟಕ್ಕೆ ಪೇಟೆಂಟ್ ಪಡೆದರು. ನೌಕಾಧಿಕಾರಿ ಒಗುಸ್ತ್ ದೆನೆರೂಜ್ 1864ರ ಹೊತ್ತಿಗೆ ಅವರೊಡನೆ ಸೇರಿ ಅದನ್ನು ನೀರಿಗಿಳಿಸಿದರು. ಎಂಬತ್ತು ವರ್ಷಗಳ ಬಳಿಕ, ಎರಡನೆಯ ಮಹಾಯುದ್ಧದ ಪೆಟ್ರೋಲ್ ಅಭಾವದಲ್ಲಿ ಕಾರುಗಳನ್ನು ಅನಿಲದಿಂದ ಓಡಿಸಲು ರೂಪಿಸಿದ್ದ ಕವಾಟವನ್ನು ಎಮಿಲ್ ಗಾನ್ಯಾನ್ ಮತ್ತು ಜಾಕ್ ಕುಸ್ತೊ ತಿದ್ದಿ, 1943ರಲ್ಲಿ ಅಕ್ವಾ-ಲಂಗ್ ಎಂಬ ಸಾಧನವನ್ನು ಕೊಟ್ಟರು. ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಮೇಲೆ ಕೂರುವ ರೆಗ್ಯುಲೇಟರಿನಲ್ಲಿಯೂ ಒಂದು ಸ್ಪ್ರಿಂಗು ಮತ್ತು ಒಂದು ರಬ್ಬರ್ ಪೊರೆ ಇದೇ ಬಗೆಯ ಕೆಲಸ ಮಾಡುತ್ತಿರುವುದನ್ನು ನೆನೆದರೆ ಈ ನೆಂಟಸ್ತಿಕೆ ಸ್ಪಷ್ಟವಾಗುತ್ತದೆ.

ಸ್ಪ್ರಿಂಗನ್ನು ಎಷ್ಟು ಅದುಮಿದರೆ ಅದು ಅಷ್ಟೇ ಪ್ರಮಾಣದಲ್ಲಿ ತಿರುಗಿ ಒತ್ತುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿದ ಒಗಟಾಗಿ ಪ್ರಕಟಿಸಿ, 1678ರಲ್ಲಿ ಬಿಡಿಸಿ ಹೇಳಿದರು. ಆ ಪ್ರಮಾಣವು ಸ್ಪ್ರಿಂಗಿನ ಬಿಗುವನ್ನು ಅವಲಂಬಿಸಿದೆ, ಬಿಗುವು ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಅದಲುಬದಲಿನ ಅಪಾಯವೆಲ್ಲ ಇರುವುದು ಇಲ್ಲಿಯೇ. ಉದಾಹರಣೆಗೆ, ಉದ್ದ, ಅಗಲ, ಸುತ್ತುಗಳ ಸಂಖ್ಯೆ ಎಲ್ಲವೂ ಒಂದೇ ಆಗಿರುವ ಎರಡು ಸ್ಪ್ರಿಂಗುಗಳಲ್ಲಿ ಒಂದರ ತಂತಿ 4 ಮಿಲಿಮೀಟರ್, ಇನ್ನೊಂದರದು 4.2 ಮಿಲಿಮೀಟರ್ ದಪ್ಪವಿದೆ ಎಂದಿಟ್ಟುಕೊಂಡರೆ, ಕಣ್ಣಿಗೆ ಸುಲಭವಾಗಿ ಕಾಣದ ಈ ವ್ಯತ್ಯಾಸವು ಬಿಗುವನ್ನು ಸುಮಾರು ಶೇ 22ರಷ್ಟು ಹೆಚ್ಚಿಸುತ್ತದೆ. ಮೊದಲಿನದು 9.5 ಬಾರ್ ಕೊಡುತ್ತಿದ್ದ ಜಾಗದಲ್ಲಿ ಎರಡನೆಯದು 11.5 ಬಾರ್ ಕೊಡುತ್ತದೆ, ಆಗ ಎರಡನೆಯ ಹಂತದ ಕವಾಟವು ತಡೆಯಲಾರದೆ ಗಾಳಿಯನ್ನು ಸೋರಬಿಡಬಹುದು. ಬಿಗುವು ಕಡಿಮೆಯಾದರೆ ಸೋರಿಕೆಯಿರದು, ಬದಲಿಗೆ ಗಾಳಿಯ ಸಾಂದ್ರತೆ ನಾಲ್ಕು ಪಟ್ಟಾಗಿರುವ 30 ಮೀಟರ್ ಆಳದಲ್ಲಿ ಉಸಿರೆಳೆಯುವುದೇ ಶ್ರಮವಾಗುತ್ತದೆ.

ಸ್ಪ್ರಿಂಗಿನ ಅಡಿಗೆ ತೆಳುವಾದ ಬಿಲ್ಲೆಗಳನ್ನು ಇಟ್ಟೋ ತೆಗೆದೋ ಅಳತೆಗೆ ತರಬಹುದಲ್ಲ ಎಂಬ ವಾದ ಅರ್ಧ ಮಾತ್ರ ಸರಿ. ನಿಂತ ಗಾಳಿಯಲ್ಲಿ ಒತ್ತಡದ ಮಾಪಕದ ಮುಳ್ಳು 9.5ಕ್ಕೆ ಬರಬಹುದು, ಆದರೆ ಉಸಿರೆಳೆದಾಗ ಪಿಸ್ಟನ್ ಸರಿದಷ್ಟೂ ಸ್ಪ್ರಿಂಗು ಸಡಿಲಗೊಂಡು ಒತ್ತಡ ಇಳಿಯುವುದರಿಂದ, ಬಿಗುವು ಹೆಚ್ಚಿರುವ ಸ್ಪ್ರಿಂಗಿನಲ್ಲಿ ಆ ಇಳಿತವೂ ಹೆಚ್ಚು. ಒಬ್ಬನೇ ತಯಾರಕನ ಎರಡು ಮಾದರಿಗಳಿಗೆ ಒಂದೇ ಬಿಡಿಭಾಗದ ಸಂಖ್ಯೆಯಿದ್ದರೆ ಬದಲಿಸಲು ಅಡ್ಡಿಯಿಲ್ಲ, ಸಂಖ್ಯೆ ಬೇರೆಯಾಗಿದ್ದರೆ ಗೂಡಿಗೆ ಸರಿಯಾಗಿ ಕೂತಿತೆಂಬುದು ಯಾವ ಆಧಾರವೂ ಅಲ್ಲ.

ಇಂಥ ಬದಲಾವಣೆಗೆ ಕೈಹಾಕಲು ಬಹಳ ಸಲ ಕಾರಣವಾಗುವುದು ಮಾಪಕದ ಮುಳ್ಳು ಒಂದೆಡೆ ನಿಲ್ಲದೆ ಮೆಲ್ಲಮೆಲ್ಲನೆ ಮೇಲೇರುವ ದೋಷ. ಆದರೆ ತನ್ನ ಮಿತಿಯೊಳಗೇ ಅದುಮಿಸಿಕೊಳ್ಳುವ ಉಕ್ಕಿನ ಸುರುಳಿಯು, ಉಪ್ಪುನೀರಿನ ತುಕ್ಕು ಹಿಡಿಯದಿದ್ದರೆ, ವರ್ಷಗಟ್ಟಲೆ ದಣಿಯುವುದಿಲ್ಲ. ಮುಳ್ಳು ಏರುತ್ತಿದ್ದರೆ ಪಿಸ್ಟನ್ನಿನ ಅಂಚು ಬಂದು ಕೂರುವ ಮೆದು ಪ್ಲಾಸ್ಟಿಕ್ ಬಿಲ್ಲೆಯಲ್ಲಿ ಗೀರು ಬಿದ್ದಿದೆಯೇ, ಓ-ರಿಂಗ್ ಎಂಬ ರಬ್ಬರ್ ಉಂಗುರ ಸವೆದಿದೆಯೇ ಎಂದು ಮೊದಲು ನೋಡಬೇಕಾಗುತ್ತದೆ. ತೂಬಿನ ಬಾಯಿ ಸವೆದು ನೀರು ಜಿನುಗುವಾಗ ನೀರುಗಂಟಿಯನ್ನು ಬದಲಿಸಿದರೆ ಜಿನುಗು ನಿಲ್ಲುವುದಿಲ್ಲ.