ಬಳ್ಳಾರಿಯಿಂದ ಸಿಕ್ಕ ಸ್ವಾತಂತ್ರ್ಯ

ಹೊಸಪೇಟೆಯ ಪುನೀತ್ ರಾಜ್‌ಕುಮಾರ್ ಜಿಲ್ಲಾ ಕ್ರೀಡಾಂಗಣದ ಧ್ವಜಸ್ತಂಭದ ತುದಿ ನೋಡಬೇಕಾದರೆ ತಲೆಯ ಮೇಲಿನ ಟೋಪಿ ಬೀಳುವಷ್ಟು ಕತ್ತೆತ್ತಬೇಕು. 405 ಅಡಿ ಎತ್ತರ! 2022ರ ಸ್ವಾತಂತ್ರ್ಯೋತ್ಸವಕ್ಕೆ ನಿಲ್ಲಿಸಿದಾಗ ದೇಶದಲ್ಲೇ ಇದಕ್ಕಿಂತ ಎತ್ತರದ್ದು ಇರಲಿಲ್ಲ. ಧ್ವಜವೇನೋ ರಾಷ್ಟ್ರದ್ದೇ. ಆದರೆ ಊರಿನ ಸಂಭ್ರಮದಲ್ಲಿ ಇನ್ನೊಂದು ಸ್ವಾತಂತ್ರ್ಯವೂ ಬೆರೆತಿತ್ತು. ಅದು ಬಳ್ಳಾರಿಯಿಂದ ಸಿಕ್ಕದ್ದು.

ವಿಜಯನಗರ ಜಿಲ್ಲೆಯ ಬೇಡಿಕೆ ಹಳೆಯದು. ಸಂಘಟನೆಗಳು ಧರಣಿ ಕೂತವು, ಮನವಿ ಕೊಟ್ಟವು. 2019ರ ಜುಲೈನಲ್ಲಿ ಶಾಸಕ ಆನಂದ್ ಸಿಂಗ್ ರಾಜೀನಾಮೆ ಬಿಸಾಕಿದಾಗ ಹೇಳಿದ ಕಾರಣಗಳಲ್ಲಿ ಇದೂ ಒಂದು. ಪಕ್ಷ ಬದಲಿಸಿ ಉಪಚುನಾವಣೆ ಗೆದ್ದರು. ಮರುವರ್ಷ ಸಂಪುಟ ಒಪ್ಪಿಗೆ ಕೊಡುತ್ತಿದ್ದಂತೆ ಬಳ್ಳಾರಿ ಬಂದ್ ಆಯಿತು. ಇತ್ತ ಹರಪನಹಳ್ಳಿಯೇ ಜಿಲ್ಲಾ ಕೇಂದ್ರವಾಗಲಿ ಎಂಬ ಕೂಗೂ ಎದ್ದಿತು. 2021ರ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಬಿದ್ದು 31ನೇ ಜಿಲ್ಲೆ ಹುಟ್ಟಿತು. ಅಕ್ಟೋಬರ್ 2ರಂದು ಉದ್ಘಾಟನೆ.

ಜಿಲ್ಲಾಧಿಕಾರಿ ಕಚೇರಿ ಇರುವುದು ಮುಚ್ಚಿಹೋದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯ ಆವರಣದಲ್ಲಿ. ಅಣೆಕಟ್ಟುಗಳಿಗೆ ಗೇಟು ಮಾಡಿಕೊಡುತ್ತಿದ್ದ ಜಾಗದಲ್ಲಿ ಈಗ ಕಡತಗಳು ಚಲಿಸುತ್ತವೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಊರಿಗೆ ಜಿಲ್ಲಾಧಿಕಾರಿ ಇದ್ದರು, ಗೇಟಿನ ಕಾರ್ಖಾನೆ ಇರಲಿಲ್ಲ.

ಹೊಸಪೇಟೆಯಿಂದ ಹಂಪಿಗೆ ಹನ್ನೆರಡು ಕಿಲೋಮೀಟರ್. 1336ರಲ್ಲಿ ಹುಟ್ಟಿ ದಕ್ಷಿಣದ ಬಹುಭಾಗವನ್ನು ಆಳಿದ ಸಾಮ್ರಾಜ್ಯದ ರಾಜಧಾನಿ ಇದು. ಅದರ ಹೆಸರು ಹೊತ್ತ ಜಿಲ್ಲೆಗೆ ದಕ್ಕಿದ್ದು ಆರು ತಾಲ್ಲೂಕು: ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ. ಕೃಷ್ಣದೇವರಾಯ 1520ರಲ್ಲಿ ಕಾದು ಗೆದ್ದ ರಾಯಚೂರು ಬೇರೆ ಜಿಲ್ಲೆ. ಹೊಳೆ ದಾಟಿದರೆ ಆನೆಗೊಂದಿಯೂ ಕೊಪ್ಪಳದ ಪಾಲು.

ಹೊಳೆಯ ಇದೇ ದಡದಲ್ಲಿ ಪೂರ್ವಕ್ಕೆ ಸಾಗಿದರೆ ಕಂಪ್ಲಿ. ಹರಿಹರ, ಬುಕ್ಕರಿಗಿಂತ ಮೊದಲೇ ಇಲ್ಲಿಂದ ಆಳಿದ ಕಂಪಿಲರಾಯ 1327ರ ಹೊತ್ತಿಗೆ ದೆಹಲಿ ಸುಲ್ತಾನನ ಸೈನ್ಯದೊಡನೆ ಸೆಣಸಿ ಮಡಿದ. ಸಾಮ್ರಾಜ್ಯಕ್ಕೆ ಮುನ್ನುಡಿ ಬರೆದ ಊರು ಅದರ ಹೆಸರಿನ ಜಿಲ್ಲೆಯಲ್ಲಿಲ್ಲ. ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಇಲ್ಲಿನವರು ಕೇಳಿದ್ದುಂಟು, ನಕ್ಷೆ ಒಪ್ಪಲಿಲ್ಲ. ಜಲಾಶಯ ತುಂಬಿ ನೀರು ಬಿಟ್ಟರೆ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿ ದಾರಿ ಬಂದ್ ಆಗುತ್ತದೆ. ಹೊಳೆಗೆ ಜಿಲ್ಲೆಯ ಗಡಿ ಲೆಕ್ಕಕ್ಕಿಲ್ಲ.

ಇನ್ನು ಸಂಡೂರು. ಬಳ್ಳಾರಿಗಿಂತ ಹೊಸಪೇಟೆಗೇ ಹತ್ತಿರ, ಆದರೂ ಬಳ್ಳಾರಿಯಲ್ಲೇ ಉಳಿಯಿತು. ಗುಡ್ಡದ ಕೆಂಪು ಮಣ್ಣು ನೋಡಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಕಬ್ಬಿಣದ ಅದಿರು ಇಲ್ಲಿದೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಈ ತಾಲ್ಲೂಕಿನಲ್ಲಿದೆ. ಗಣಿಯನ್ನೂ ಬಿಟ್ಟುಕೊಟ್ಟರೆ ಬಳ್ಳಾರಿಗೆ ಉಳಿಯುವುದೇನು? ನಿಜವಾದ ಸ್ವಾತಂತ್ರ್ಯದ ರುಚಿ ಕಂಡದ್ದೂ ಸಂಡೂರೇ. ಘೋರ್ಪಡೆ ಮನೆತನದ ಈ ಪುಟ್ಟ ಸಂಸ್ಥಾನ 1932ರಲ್ಲೇ ದೇವಾಲಯವನ್ನು ದಲಿತರಿಗೆ ತೆರೆದಿತ್ತು; 1934ರಲ್ಲಿ ಗಾಂಧೀಜಿ ಬಂದಿದ್ದರು. 1949ರಲ್ಲಿ ಅದು ಮದ್ರಾಸಿಗೆ ಸೇರಿತು, 1953ರಲ್ಲಿ ಮೈಸೂರಿಗೆ. ಐದು ವರ್ಷ ತುಂಬುವುದರೊಳಗೆ ಮೂರು ಸರ್ಕಾರ!

ಇದನ್ನು ಮೀರಿಸಿದ್ದು ಹರಪನಹಳ್ಳಿ. 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಬಂತು. ಊರು ಇದ್ದಲ್ಲೇ ಇದೆ, ಬದಲಾದದ್ದು ಅರ್ಜಿಯ ಮೇಲಿನ ವಿಳಾಸ. ಆದರೂ ಪಹಣಿಯ ತಕರಾರು ಹಿಡಿದು ಬಳ್ಳಾರಿಯವರೆಗೆ ಅಲೆಯುತ್ತಿದ್ದ ಪಶ್ಚಿಮ ತಾಲ್ಲೂಕಿನವರಿಗೆ ಬಸ್ಸಿನ ದಾರಿ ಕಡಿಮೆಯಾಗಿದೆ. ಘೋಷಣೆ, ಬಂದ್‌ಗಳ ಗದ್ದಲದಲ್ಲಿ ಜನರ ಕೈಗೆ ಹತ್ತಿದ ಲಾಭ ಅದೊಂದೇ, ಅದು ಸಣ್ಣದಲ್ಲ.

ಹಾಗಂತ ಜಿಲ್ಲೆ ತಂದುಕೊಟ್ಟವರಿಗೆ ಮತದಾರರು ಋಣಿಯಾಗಿ ಉಳಿದರೇ? 2023ರಲ್ಲಿ ಆನಂದ್ ಸಿಂಗ್ ಬದಲು ಮಗ ಸಿದ್ಧಾರ್ಥ ಸಿಂಗ್ ಕಣಕ್ಕಿಳಿದರು. ಗೆದ್ದದ್ದು ಎದುರಾಳಿ ಎಚ್.ಆರ್. ಗವಿಯಪ್ಪ.